ಮಳೆಗಾಲಕ್ಕೆ ಎತ್ತಿಟ್ಟ ಎಣ್ಣೆ

ಪ್ರಗತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗ ನನಗೆ ಮೈ ಉರಿಯುತ್ತದೆ. ಪ್ರಗತಿ ಆಗಿಲ್ಲ ಎಂದಲ್ಲ. ಕಳಸದಿಂದ ಆಚೆಯ ನಮ್ಮೂರಿಗೆ ಮೊದಲೆಲ್ಲ ಆರೋಗ್ಯ ಇಲಾಖೆಯವರು ಬರುತ್ತಿದ್ದುದು ಪೋಲಿಯೋ ಹನಿ ಹಾಕಲಿಕ್ಕೆ ಮಾತ್ರ. ಈಗ ಅವರ ಜೀಪು ಮನೆ ಬಾಗಿಲಿಗೇ ಬರುತ್ತದೆ, ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆರೋಗ್ಯ ಕೇಂದ್ರಕ್ಕೆ ಟೈಲ್ಸ್ ಬಿದ್ದಿದೆ, ಗೋಡೆಯ ಮೇಲೆ ನಗುವ ತಾಯಿ-ಮಗುವಿನ ಚಿತ್ರವೂ ಬಂದಿದೆ. ಇಷ್ಟು ದೂರ ಬಂದವರು ಇನ್ನೊಂದು ನಿಮಿಷ ನಿಂತು ಬಾಯಿಬಿಟ್ಟು ಮಾತಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂಬುದು ನನ್ನ ಸಿಟ್ಟು.

ನಮ್ಮದು ಸಣ್ಣ ಕಾಫಿ ತೋಟ. ನಾನು ಮದುವೆಯಾಗಿ ಬಂದಾಗಿನಿಂದ ಒಬ್ಬಳು ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದಳು. ಕಾಫಿ ಕುಯ್ಯುವುದರಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ. ಬಾಯಿಯೂ ಅಷ್ಟೇ ಜೋರು. ನನ್ನ ಗಂಡನ ಕಡೆಯವರಿಗೆಲ್ಲ ಅವಳನ್ನು ಕಂಡರೆ ಒಳಗೊಳಗೇ ಭಯ. ಅವಳ ಗಂಡ ತೀರಿಕೊಂಡಿದ್ದ. ಕಾಡಂಚಿನ ಮನೆಯಲ್ಲಿ ಅವಳು, ಪಿಯುಸಿ ಓದುವ ಮಗಳು, ಎರಡು ದನ. ಮಗಳನ್ನು ನರ್ಸ್ ಮಾಡಬೇಕೆಂದು ಹಟ ಹಿಡಿದಿದ್ದಳು. ಆ ಹಟವೆಲ್ಲ ನಿಂತಿದ್ದುದು ಅವಳ ಎರಡು ಕೈಗಳ ಮೇಲೆ.

ಹೋದ ವರ್ಷ ರೊಬಸ್ಟಾ ಕುಯ್ಲು ಮುಗಿಯುತ್ತ ಬಂದಾಗ ಅವಳಿಗೆ ಜ್ವರ ಹಿಡಿಯಿತು. ಕಣ್ಣು ಕೆಂಪಾದವು, ಸೊಂಟ ಎತ್ತಲಾಗಲಿಲ್ಲ, ವಸಡಿನಲ್ಲಿ ರಕ್ತ ಬಂತು. ರಕ್ತ ಪರೀಕ್ಷೆ ಮಾಡಿದವರು ಮಂಗನ ಕಾಯಿಲೆ ಎಂದರು. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಗೆ ಅಂಟಿ ರಕ್ತ ಹೀರುವ ಉಣುಗು ನೆಲಕ್ಕೆ ಉದುರಿ, ಆಮೇಲೆ ಮನುಷ್ಯರನ್ನು ಕಚ್ಚಿ ಬರುವ ಜ್ವರ ಅದು. ದಿನಾ ಬೆಳಿಗ್ಗೆ ಕೊಟ್ಟಿಗೆಗೆ ಹಾಸಲು ಕಾಡಿನಿಂದ ಒಣಗಿದ ಎಲೆ ಹೊತ್ತು ತರುತ್ತಿದ್ದಳಲ್ಲ, ಅಲ್ಲಿಯೇ ಹತ್ತಿರಬೇಕು. ಆಂಬುಲೆನ್ಸ್ ಬೇಗನೇ ಬಂತು, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಸಾಗಿಸಿತು. ಅದನ್ನು ಇಲ್ಲ ಅನ್ನುವುದಿಲ್ಲ.

ಅವಳ ಬಟ್ಟೆಬರೆ ಕಟ್ಟಿಕೊಡಲು ನಾನೇ ಅವರ ಮನೆಗೆ ಹೋದೆ. ಚೀಲ ಹುಡುಕುತ್ತ ಅಟ್ಟಕ್ಕೆ ಕೈ ಹಾಕಿದರೆ ಕೊಡೆ, ಪ್ಲಾಸ್ಟಿಕ್ ಕೊಪ್ಪೆ, ಗಮ್ ಬೂಟು, ಅದರ ಪಕ್ಕದಲ್ಲಿ ಸರ್ಕಾರದವರು ಪುಕ್ಕಟೆ ಕೊಟ್ಟ ಎಣ್ಣೆಯ ಬಾಟಲಿಗಳು. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಬೇಕಾದ ಎಣ್ಣೆ. ಒಂದರ ಮುಚ್ಚಳವನ್ನೂ ತೆಗೆದಿರಲಿಲ್ಲ. ಮಗಳನ್ನು ಕೇಳಿದೆ.

"ಅದು ಮಳೆಗಾಲಕ್ಕೆ ಆಂಟಿ, ಇಂಬಳಕ್ಕೆ," ಎಂದಳು.

ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿದೆ. ಎಲ್ಲರ ಅಟ್ಟದಲ್ಲೂ ಬಾಟಲಿ ಹಾಗೇ ಕೂತಿತ್ತು. ಕುಯ್ಲಿನ ಶುರುವಿನಲ್ಲಿ ಜೀಪಿನಲ್ಲಿ ಬಂದ ಹುಡುಗ 'ಕಾಲಿಗೆ ಹತ್ತುವ ಹುಳಕ್ಕೆ ಹಚ್ಚಿಕೊಳ್ಳಿ' ಎಂದಷ್ಟೇ ಹೇಳಿ, ಬಾಟಲಿ ಹಿಡಿಸಿ, ಫೋಟೋ ಹೊಡೆದುಕೊಂಡು ಮುಂದಿನ ಮನೆಗೆ ಓಡಿದ್ದ. ನಮ್ಮ ಕಡೆ ಕಾಲಿಗೆ ಹತ್ತುವುದು ಅಂದರೆ ಇಂಬಳ. ಜಿಟಿಜಿಟಿ ಮಳೆಯಲ್ಲಿ ಹುಲ್ಲಿನ ತುದಿಯಿಂದ ಕಾಲಿಗೆ ಹತ್ತಿ, ರಕ್ತ ಹೀರಿ, ಉಬ್ಬಿ ಉದುರುವ ಇಂಬಳ. ಬಿಸಿಲಲ್ಲಿ ಅದರ ಸುಳಿವೇ ಇರುವುದಿಲ್ಲ. ಹಾಗಿರುವಾಗ ಒಳ್ಳೆಯ ಎಣ್ಣೆಯನ್ನು ಬೇಸಿಗೆಯಲ್ಲಿ ಯಾರು ದಂಡ ಮಾಡುತ್ತಾರೆ? ಜೋಪಾನವಾಗಿ ಎತ್ತಿಟ್ಟರು. ಉಣುಗು ಎಂಬ ಒಂದು ಶಬ್ದ ಆ ಹುಡುಗನ ಬಾಯಿಂದ ಬಂದಿದ್ದರೆ ಸಾಕಿತ್ತು. ದನ ಸಾಕುವ ಹೆಂಗಸರಿಗೆ ಉಣುಗು ಏನೆಂದು ಯಾರೂ ಕಲಿಸಬೇಕಾಗಿಲ್ಲ.

ಅವಳು ಬದುಕಿ ಬಂದಳು. ಜ್ವರ ಬಿಟ್ಟು ಮತ್ತೆ ಬಂದು, ಮತ್ತೆ ಬಿಟ್ಟಿತ್ತು. ಆದರೆ ಕೈ ನಡುಗುವುದು ನಿಲ್ಲಲಿಲ್ಲ. ಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ.

ಮಳೆ ಹಿಡಿಯುವ ಮುಂಚೆ ಪಂಚಾಯಿತಿಯಲ್ಲಿ ಪ್ರಗತಿ ಪರಿಶೀಲನಾ ಸಭೆ ಇಟ್ಟರು. ಮೇಲಿನಿಂದ ಬಂದ ಅಧಿಕಾರಿ ಪರದೆಯ ಮೇಲೆ ಒಂದೊಂದೇ ತೋರಿಸಿದರು. ಎಣ್ಣೆ ವಿತರಣೆ ಪೂರ್ಣ. ರೋಗಿ ಗುಣಮುಖ. ಎಲ್ಲ ಮುಗಿಸಿ, ಜನರಲ್ಲಿ ಅರಿವಿನ ಕೊರತೆ ಇರುವುದೇ ದೊಡ್ಡ ಸಮಸ್ಯೆ ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹುಳದ ಕಥೆ, ಇಂಬಳದ ಕಥೆ ಎಲ್ಲ ಹೇಳಿದೆ. ಹಿಂದೆ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಟೀ ತರಿಸಲು ಹೊರಟರು. ನಿಮ್ಮ ಗುಣಮುಖಳನ್ನು ಒಂದು ಸಲ ಕಣ್ಣಾರೆ ನೋಡಿ ಹೋಗಿ ಎಂದು ನಾನು ಬಿಡಲಿಲ್ಲ.

ನೋಡಿ, ಅಧಿಕಾರಿ ಅವಳ ಮನೆಗೆ ಬಂದರು. ಕೆಟ್ಟ ಮನುಷ್ಯನಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೂತರು. ಅವಳು ತಾನೇ ಕಾಫಿ ಕೊಡುತ್ತೇನೆಂದು ಹಟ ಮಾಡಿ ತಟ್ಟೆ ಹಿಡಿದು ಬಂದಳು. ಲೋಟ ತಟ್ಟೆಯ ಮೇಲೆ ಕಟಕಟ ಎನ್ನುತ್ತಿತ್ತು, ಕಾಫಿ ಅರ್ಧ ಚೆಲ್ಲಿತು, ಮಗಳು ಓಡಿ ಬಂದು ಇಸಿದುಕೊಂಡಳು. ಅಧಿಕಾರಿ ಮೆತ್ತಗೆ ಕೇಳಿದರು.

"ಎಣ್ಣೆ ಕೊಟ್ಟಿದ್ವಲ್ಲಮ್ಮ, ಹಚ್ಚಿಕೊಂಡಿರಲಿಲ್ವಾ?"

ಇಡೀ ಊರಿಗೇ ಬಾಯಿ ಮಾಡುತ್ತಿದ್ದವಳು ತಲೆ ತಗ್ಗಿಸಿದಳು.

"ತಪ್ಪು ನಂದೇ ಸಾರ್. ದಡ್ಡಿ ನಾನು, ತಿಳೀಲಿಲ್ಲ."

ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಈಗಲಾದರೂ ಹೇಳುತ್ತಾರೆ, ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ, ಈ ಅಡುಗೆಮನೆಯ ಬಾಗಿಲಲ್ಲಾದರೂ ಹೇಳುತ್ತಾರೆ ಎಂದುಕೊಂಡೆ.

"ಪರವಾಗಿಲ್ಲಮ್ಮ," ಎಂದರು ಅವರು. "ಇನ್ನು ಮೇಲೆ ಜೋಪಾನ."

ಅವಳು ಕೈ ಮುಗಿಯಲು ಹೋದಳು. ನಡುಗುವ ಕೈಗಳು ಒಂದಕ್ಕೊಂದು ಕೂಡಲಿಲ್ಲ. ಅವರು ಅವಳನ್ನು ಕ್ಷಮಿಸಿ ಜೀಪು ಹತ್ತಿದರು.