ಜೀಪಿಗೆ ಹೊಸ ಲೈಟು ಹಾಕಿಸಿದ ವರ್ಷ

ಅಪ್ಪನ ಜೀಪು ನನಗಿಂತ ಹಿರಿಯದು. ಅಣೆಕಟ್ಟು ಕಟ್ಟುವಾಗ ಯಾವನೋ ಕಂತ್ರಾಟುದಾರನ ಕೈಯಲ್ಲಿ ದುಡಿದು ಸುಸ್ತಾಗಿ, ಹರಾಜಿಗೆ ಬಂದು, ಎಮ್ಮಿಗನೂರಿನ ನಮ್ಮ ಮನೆ ಮುಂದೆ ನಿಂತಿತ್ತು. ಅದರ ಮುಂದಿನ ಎರಡು ದೀಪಗಳು ಬೆಳಕು ಕೊಡುತ್ತಿದ್ದವು ಎಂದರೆ ದೊಡ್ಡ ಮಾತಾಯಿತು. ಒಳಗಿನ ಹೊಳಪೆಲ್ಲ ಕಪ್ಪಾಗಿ, ಬರೀ ಕೆಂಪಗೆ ಮಿಣುಕುತ್ತಿದ್ದವು. ಅವನ್ನೇ ನೆಚ್ಚಿಕೊಂಡು ಅಪ್ಪ ಊರಿನ ಹೆರಿಗೆ, ಹಾವು ಕಡಿತ, ಎದೆನೋವು ಎಲ್ಲವನ್ನೂ ರಾತ್ರೋರಾತ್ರಿ ಹೊಸಪೇಟೆ ಆಸ್ಪತ್ರೆಗೆ ಸಾಗಿಸುತ್ತಿದ್ದ. ಒಲ್ಲೆ ಅನ್ನುವ ಹಾಗಿರಲಿಲ್ಲ, ಊರಲ್ಲಿ ಬೇರೆ ಗಾಡಿ ಇರಲಿಲ್ಲ.

ಕಂಪ್ಲಿ ದಾಟಿದ ಮೇಲೆ ರಸ್ತೆ ಕಾಲುವೆಯ ಪಕ್ಕಕ್ಕೆ ಬರುತ್ತದೆ. ಎಡಕ್ಕೆ ನೀರು, ಬಲಕ್ಕೆ ಗದ್ದೆ, ನಡುವೆ ಎರಡು ಗಾಡಿ ಮೈಗೆ ಮೈ ತಾಗಿಸಿಕೊಂಡು ಹೋಗುವಷ್ಟು ದಾರಿ. ಆಗ ತಡೆಗೋಡೆ ಗಿಡೆಗೋಡೆ ಏನೂ ಇರಲಿಲ್ಲ. ಆ ನೀರಿನಿಂದ ಭತ್ತ ಬೆಳೆದು ನಮ್ಮ ಕಡೆಯವರು ಮಣ್ಣಿನ ಮಾಳಿಗೆ ಕೆಡವಿ ತಾರಸಿ ಹಾಕಿಸಿಕೊಂಡರು, ನಿಜ. ಅದೇ ನೀರು ಆಗಾಗ ಒಂದು ಬಂಡಿಯನ್ನೋ ಸೈಕಲ್ಲಿನವನನ್ನೋ ಸದ್ದಿಲ್ಲದೆ ಒಳಗೆಳೆದುಕೊಳ್ಳುತ್ತಿತ್ತು, ಅದೂ ನಿಜ.

ಜೀಪು ರಾತ್ರಿ ಹೊರಟರೆ ಅವ್ವ ಮುಂದಿನ ಸೀಟಿನಲ್ಲಿ ಇರಲೇಬೇಕು. "ಗಂಡನ್ನ ಒಬ್ಬನ್ನ ಬಿಡಾಂಗಿಲ್ಲ ನೋಡ್ರಿ ಈಕಿ" ಎಂದು ಓಣಿಯ ಹೆಂಗಸರು ಕಾಡಿಸುತ್ತಿದ್ದರು. ಅವ್ವ ನಕ್ಕು ಹತ್ತಿ ಕೂಡುತ್ತಿದ್ದಳು. ಕೂತಳೋ, ಬಾಯಿಗೆ ಬಿಡುವಿಲ್ಲ. "ಹುಣಸಿಮರ ಬಂತ್ ನೋಡ್ರಿ. ಮುಂದ ಕಬ್ಬಿನ ಬಂಡಿ ಹೊಂಟಾವು. ಕಾಲುವಿ ಭಾಳ ತುಂಬೇತಿ ಅಲಾ, ಎಡಕ್ಕ."

ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ ನಾನು, ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಸಲ ಹಿಂದಿನಿಂದ, "ಅವ್ವಾ, ರೇಡಿಯೋನಾದ್ರೂ ಬಂದ್ ಮಾಡಬೌದು, ನಿನ್ನ ಬಾಯಿ ಬಂದ್ ಆಗಂಗಿಲ್ಲ ನೋಡು" ಎಂದೆ. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ.

ಮುಂದೆ ಅವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಹೊಸಪೇಟೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಗುಂಡಿಗೆ ಸೋತಿದೆ, ರಾತ್ರಿ ನಿದ್ದೆಗೆಡಿಸಬೇಡಿ ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತ ಅಪ್ಪ ಅವ್ವನ ಮುಂದೆ ಎತ್ತಿದ್ದು ಗುಳಿಗೆಯ ವಿಷಯ ಅಲ್ಲ. "ಚಲೋ ಲೈಟ್ ಹಾಕಿಸಿಬಿಡ್ತೀನಿ. ಆಮ್ಯಾಲ ನೀ ಬರೋದು ಬ್ಯಾಡ" ಎಂದ. ಗುಂಡಿಗೆಗೂ ಲೈಟಿಗೂ ಏನು ಸಂಬಂಧವೋ ಶಿವನೇ ಬಲ್ಲ ಎಂದುಕೊಂಡೆ.

ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯಲ್ಲಿ ಹಳೇ ಗಾಡಿಗಳ ಮಿಸ್ತ್ರಿ ಒಬ್ಬನಿದ್ದ. ಜೀಪಿನದು ಆರು ವೋಲ್ಟಿನ ವ್ಯವಸ್ಥೆ. ಬರೀ ಬಲ್ಬು ಬದಲಿಸಿದರೆ ಉಪಯೋಗವಿಲ್ಲ ಎಂದು ಹನ್ನೆರಡು ವೋಲ್ಟಿನ ಬ್ಯಾಟರಿ ಕೂರಿಸಿದ, ಡೈನಮೋ ಬದಲಿಸಿದ, ಇಲಿ ಕಡಿದ ತಂತಿಗಳನ್ನೆಲ್ಲ ಕಿತ್ತು ದಪ್ಪನೆಯವು ಎಳೆದ. ಕೊನೆಗೆ ಆಗಷ್ಟೇ ಪೇಟೆಗೆ ಬಂದಿದ್ದ ಹ್ಯಾಲೊಜನ್ ಬಲ್ಬು ಹಾಕಿದ. ಮುಸ್ಸಂಜೆಗೆ ಜೀಪನ್ನು ಸುಣ್ಣದ ಗೋಡೆಯೊಂದರ ಎದುರು ದೂರಕ್ಕೆ ನಿಲ್ಲಿಸಿ, ಗೋಡೆಯ ಮೇಲೆ ಇದ್ದಿಲಿನಿಂದ ಅಡ್ಡಗೆರೆ ಎಳೆದ.

"ಬೆಳಕು ಈ ಗೆರಿ ಮ್ಯಾಲ ಹೋಗಬಾರ್ದ್ರಿ ಯಜಮಾನ್ರ. ಹೋದ್ರ ಎದುರಿಗೆ ಬರೋರಿಗೆ ಕಣ್ಣು ಕತ್ತಲಾಗ್ತೈತಿ. ನೀವಾ ನೋಡಿ ಹೇಳ್ರಿ, ಸರಿ ಕುಂತೈತೇನು?"

"ಯಾವ ಗೆರಿ?" ಎಂದ ಅಪ್ಪ.

"ಭಾಳ ಚಾಷ್ಟಿ ಮಾಡ್ತೀರಿ ಬಿಡ್ರಿ" ಎಂದು ಮಿಸ್ತ್ರಿ ಗಹಗಹಿಸಿದ. ನಾನೂ ನಕ್ಕೆ. ಕಟ್ಟೆಯ ಮೇಲೆ ಕೂತಿದ್ದ ಅವ್ವ ಎದ್ದಳು. ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಗೋಡೆಯ ತನಕ ನಡೆದು, ಆ ಉರಿಬೆಳಕಿನಲ್ಲಿ ನಿಂತು, ಬಳೆಗಳ ಕೈಯನ್ನು ಗೆರೆಯ ಮೇಲೆ ಇಟ್ಟಳು. "ಇಲ್ಲೈತಿ ನೋಡ್ರಿ" ಎಂದಳು. ಅಪ್ಪ, "ಹ್ಞಾಂ, ಸರಿ ಐತಿ" ಎಂದ. ಅವಳು ಸೆರಗಿನಿಂದ ಇದ್ದಿಲು ಒರೆಸಿಕೊಂಡಳು.

ಅವತ್ತು ಮನೆಗೆ ಬರುವಾಗ ನನಗೆ ಹಬ್ಬ. ಭತ್ತದ ತೆನೆ, ರಸ್ತೆ ದಾಟುವ ಕಪ್ಪೆ, ಬಂಡಿಯಡಿ ತೂಗುವ ಲಾಟೀನು, ಎಲ್ಲ ಹಗಲಿನಂತೆ ಕಾಣುತ್ತಿತ್ತು. ಅವ್ವ ತುಟಿ ಬಿಗಿಹಿಡಿದು ಕೂತಿದ್ದಳು. ಸ್ವಲ್ಪ ಹೊತ್ತಿಗೇ, "ತಿರುವು ಬಂತ್ರಿ" ಎಂದಳು. ಅಪ್ಪ ಬ್ರೇಕು ಒತ್ತಿದ. ಇಷ್ಟು ಬೆಳಕಿದ್ದರೂ ಬಿಡಲೊಲ್ಲಳಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು.

ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ರಾತ್ರಿ ಅವ್ವನಿಗೆ ಉಸಿರು ಹತ್ತಿಕೊಂಡಿತು. ಹಿಂದೆ ಹಾಸಿಗೆ ಹಾಸಿ ಮಲಗಿಸಿದೆವು, ಪಕ್ಕದ ಮನೆಯ ದೊಡ್ಡವ್ವ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವ್ವನ ಜಾಗದಲ್ಲಿ ನಾನು ಕೂತೆ. ಒಂದು ಗುಟುಕು ನೀರು ನುಂಗಲಿಕ್ಕೂ ಅವಳಿಗೆ ಉಸಿರಿರಲಿಲ್ಲ. ಕಂಪ್ಲಿ ದಾಟಿತು. ಕಾಲುವೆ ಬಂತು. ಗಾಡಿಯೊಳಗೆ ಮಾತಿಲ್ಲ. ಅಪ್ಪ ಎದೆಯನ್ನು ಸ್ಟಿಯರಿಂಗಿಗೆ ಒತ್ತಿಕೊಂಡು, ಜೋರಾಗಿ ಓಡಿಸಬೇಕಾದ ಹೊತ್ತಿನಲ್ಲಿ ಎತ್ತಿನ ಬಂಡಿಯಂತೆ ಓಡಿಸುತ್ತಿದ್ದ. "ಜಲ್ದಿ ಹೊಡಿಯಪ್ಪ" ಎಂದೆ. ಅವನು ಮುಖವನ್ನು ಗಾಜಿಗೆ ಇನ್ನಷ್ಟು ಹತ್ತಿರ ತಂದ.

ಎದುರಿಗೆ ಒಂದು ಲಾರಿ ಬಂತು. ಕಣ್ಣಿಗೆ ರಾಚಿ ದಾಟಿಹೋಯಿತು. ಅಲ್ಲೇ ರಸ್ತೆ ಬಲಕ್ಕೆ ಹೊರಳುತ್ತದೆ. ನನ್ನ ಕಣ್ಣೆದುರು ಹೊರಳು ಬೆಳ್ಳಗೆ ಬಿದ್ದಿತ್ತು, ಜೀಪು ಮಾತ್ರ ನೆಟ್ಟಗೆ ಹೋಗುತ್ತಿತ್ತು. ನಾನು ಸೀಟಿನ ಅಂಚು ಹಿಡಿದುಕೊಂಡೆ. ಹಿಂದಿನಿಂದ ದನಿ ಬಂತು.

"ಎಡಕ್ಕ ಕಾಲುವಿ ಐತ್ರೀ..."

ಅಪ್ಪ ಬಲಕ್ಕೆ ಎಳೆದು ಬ್ರೇಕು ತುಳಿದ. ಮುಂದಿನ ಚಕ್ರ ದಂಡೆಯ ಮೆತ್ತನೆ ಮಣ್ಣಿನಲ್ಲಿ ಕುಸಿದು, ಜೀಪು ವಾಲಿಕೊಂಡು ನಿಂತಿತು. ಮಲಗಿದವಳಿಗೆ ಹೇಗೆ ಗೊತ್ತಾಯಿತೋ! ಅಷ್ಟು ವರ್ಷದಲ್ಲಿ ಆ ದಾರಿಯ ಕುಲುಕಾಟವೇ ಬಾಯಿಪಾಠವಾಗಿತ್ತೋ ಏನೋ. ನಮ್ಮ ಹೊಸ ಲೈಟುಗಳೆರಡರ ಬೆಳಕೂ ನೀರಿನ ಮೇಲೆ ಬಿದ್ದಿತ್ತು, ಹರಿಯುವ ಕಸಕಡ್ಡಿ ಕೂಡ ಕಾಣುತ್ತಿತ್ತು. ಅಪ್ಪ ಆ ನೀರಿನ ಕಡೆಗೇ ಮುಖ ಮಾಡಿ ಕೇಳಿದ:

"ನೀರು ಎಷ್ಟು ದೂರ ಐತಿ ಮಗಳ?"

ಆಗ ನನಗೆ ಹೊಳೆಯಿತು. ಅಪ್ಪನಿಗೆ ಇರುಳುಗಣ್ಣು. ಅವ್ವ ಅಷ್ಟು ವರ್ಷ ಬಾಯಿಂದಲೇ ಜೀಪು ನಡೆಸಿದ್ದಳು.

"ಮಾತಾಡು" ಎಂದ ಅಪ್ಪ, ಗಾಡಿ ಹಿಂದಕ್ಕೆ ತೆಗೆಯುತ್ತ. "ನಿಮ್ಮವ್ವ ಮಾತಾಡಿದಂಗ ಮಾತಾಡು."

ಮಾತಾಡಿದೆ. ತಿರುವು, ಬಂಡಿ, ಸೇತುವೆ, ಕಲ್ಲು, ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳುತ್ತಳುತ್ತ ಹೇಳಿದೆ. ನಡುವೆ ಒಮ್ಮೆ ಹಿಂದಿರುಗಿ ನೋಡಿದಾಗ ಅವ್ವ ಕಣ್ಣು ಮುಚ್ಚಿದ್ದಳು. "ಕೇಳಾಕತ್ಯಾಳ, ನೀ ಹೇಳು" ಎಂದಳು ದೊಡ್ಡವ್ವ.

ಬೆಳಗಿನ ಜಾವ ಆಸ್ಪತ್ರೆಯಲ್ಲಿ ಅವ್ವ ಹೋದಳು. ಕಾಲುವೆಯ ಮಾತೇ ಅವಳ ಕೊನೆಯ ಮಾತು. ನನ್ನಿಂದ ಮುಚ್ಚಿಟ್ಟರಲ್ಲ ಎಂದು ಇಬ್ಬರ ಮೇಲೂ ನನಗೆ ಸಿಟ್ಟಿದೆ, ಇವತ್ತಿಗೂ.

ಹೊರಗೆ ಬಂದರೆ ಯಾರೂ ಲೈಟು ಆರಿಸಿರಲಿಲ್ಲ. ಬ್ಯಾಟರಿ ಇಳಿದು, ಹಳೇ ದೀಪಗಳ ಹಾಗೆ ಕೆಂಪಗೆ ಮಿಣುಕುತ್ತಿದ್ದವು. ಆಸ್ಪತ್ರೆಯ ಆಳುಗಳು ತಳ್ಳಿ ಚಾಲೂ ಮಾಡಿಕೊಟ್ಟರು. ಅವ್ವನನ್ನು ಹಿಂದೆ ಮಲಗಿಸಿಕೊಂಡು ಹೊರಟೆವು. ಬಿಸಿಲು ಬಂದಿತ್ತು, ಹಗಲಿನಲ್ಲಿ ಅಪ್ಪನಿಗೆ ಎಲ್ಲ ಕಾಣುತ್ತಿತ್ತು. ಕಾಲುವೆ ರಸ್ತೆಗೆ ಬಂದಾಗ ಗಾಡಿ ನಿಧಾನ ಮಾಡಿದ.

"ಮಾತಾಡವ್ವ" ಎಂದ.

"ಬೆಳಕೈತಲ್ಲಪ್ಪ."

"ಇರ್ಲಿ. ಮಾತಾಡು."

"ಬಲಕ್ಕ ಕಾಲುವಿ ಐತಪ್ಪ" ಎಂದೆ. "ಭಾಳ ತುಂಬೇತಿ. ಮುಂದ ಹುಣಸಿಮರ ಬಂತು ನೋಡು."