ಬೆಲ್ಟಿನ ಬಗ್ಗೆ ಮುಂದಿನ ಸಾಲು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದೆ ಗ್ಯಾರೇಜು ನಡೆಸುತ್ತಿದ್ದ ಆ ಮೆಕ್ಯಾನಿಕ್, ಮಾತಾಡುವ ಮೊದಲು ಹಳೆ ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಹತ್ತೂ ಬೆರಳು ಮುಗಿಯುವವರೆಗೆ ಉತ್ತರವಿಲ್ಲ. ಆಮೇಲೆ ಯಾವ ಗಿರಾಕಿಗಾದರೂ ಒಂದೇ ಮಾತು: "ಅವಸರ ನಿಮ್ದು ಸಾರ್, ಗಾಡೀದಲ್ಲ."

ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು, ಮೊದಲ ಕಾರೂ ನನ್ನದೇ. ಎಂಟು ವರ್ಷ ಹಳೆಯದು, ಓಡಿದ್ದು ನಲವತ್ತು ಸಾವಿರ ಕಿಲೋಮೀಟರ್. ಮರುದಿನ ಅದರಲ್ಲಿ ಅಮ್ಮನನ್ನು ಮೊದಲ ಸಲ ಊರಿಗೆ ಕರೆದೊಯ್ಯುವುದಿತ್ತು; ಹಾಗಂತ ಹೇಳಿಯೇ ಗಾಡಿಯನ್ನು ಅವರಿಗೆ ತೋರಿಸಲು ತಂದಿದ್ದೆ. ಎಂಜಿನ್ನಿನ ರಬ್ಬರ್ ಪಟ್ಟಿ, ಟೈಮಿಂಗ್ ಬೆಲ್ಟ್, ಬದಲಿಸಬೇಕು, ಗಾಡಿ ಎರಡು ದಿನ ಇಲ್ಲೇ ಇರಲಿ ಎಂದರು ಅವರು. ನಾನು ಕಾರಿನ ಇಂಗ್ಲಿಷ್ ಪುಸ್ತಕ ತೆರೆದು ಅವರ ಮುಂದೆ ಹಿಡಿದೆ.

"ಲಕ್ಷ ಕಿಲೋಮೀಟರಿಗೆ ಅಂತ ಬರ್ದಿದೆ, ನೋಡಿ."

ಅವರು ಕೈ ಒರೆಸಿಕೊಂಡರು. "ನಂಗೆ ಇಂಗ್ಲಿಷ್ ಬರಲ್ಲ. ಮುಂದಿನ ಸಾಲೂ ನೀವೇ ಓದಿ ಹೇಳಿ ಸಾರ್."

ಓದಿದೆ. ಇಲ್ಲವೇ ಐದು ವರ್ಷ, ಎರಡರಲ್ಲಿ ಯಾವುದು ಮೊದಲೋ ಅದು.

"ಗಾಡಿ ನಿಂತಿದ್ರೂ ರಬ್ಬರ್‌ಗೆ ವಯಸ್ಸಾಗತ್ತೆ. ದಾರೀಲಿ ಹರಿದ್ರೆ ಎಂಜಿನ್ನೇ ಹೋಯ್ತು. ಅಮ್ಮನ್ನ ಹೈವೇಲಿ ಇಳಿಸ್ತೀರಾ?"

ಬಿಚ್ಚಿದ ಬೆಲ್ಟ್ ನೋಡಲು ಹೊಸದರಂತೆಯೇ ಇತ್ತು. ಅವರು ಅದನ್ನು ಹಿಂದಕ್ಕೆ ಬಗ್ಗಿಸಿದಾಗ ಹಲ್ಲುಗಳ ಬುಡದಲ್ಲೆಲ್ಲ ಬಿರುಕು ಬಾಯಿ ಬಿಟ್ಟವು. ಆಮೇಲೆ ಬೆಲ್ಟನ್ನು ನನ್ನ ಕೈಗಿಟ್ಟರು.

ಎರಡು ದಿನ ತಡವಾಗಿ ಹೊರಟೆವು. ಕೆಂಗೇರಿ ದಾಟಿದ ಮೇಲೆ ಅಮ್ಮ ಕೇಳಿದಳು, "ಯಾಕೋ ತಡ ಆಗಿದ್ದು?"

"ಒಂದು ಸಾಲು ಓದೋದು ಬಾಕಿ ಇತ್ತಮ್ಮ" ಎಂದೆ.