ಗೋಣಿಚೀಲದ ಕೆಳಗಿನ ಬಕೆಟ್ಟು

ಒದ್ದೆ ಗೋಣಿಚೀಲದ ವಾಸನೆ ಬಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮೊನ್ನೆ ಗುಬ್ಬಿ ಸಂತೆಯಲ್ಲಿ ಯಾರೋ ಸೊಪ್ಪಿನ ರಾಶಿಗೆ ಚೀಲ ನೆನೆಸಿ ಹೊದಿಸಿದ್ದರು. ಅಲ್ಲೇ ನಿಂತುಬಿಟ್ಟೆ... ತುಮಕೂರಿನ ನಮ್ಮ ಹಳೆಯ ಮನೆ ಓನರ್ ನೆನಪಾದರು. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಬದುಕಿದ್ದಾಗ ಬಾಯಿ ತುಂಬ ಬೈಯಲು ಆಗಲಿಲ್ಲ, ಅದಕ್ಕೇ ಈಗ ಬೈಯುತ್ತಿದ್ದೇನೆ.

ಹೆಬ್ಬೂರಿನ ಕಡೆ ತೋಟ ಮಾಡಿಕೊಂಡಿದ್ದು, ವಯಸ್ಸಾದ ಮೇಲೆ ಪೇಟೆಗೆ ಬಂದವರು. ಹಣೆ ತುಂಬ ವಿಭೂತಿ. ಕೆಳಗೆ ಅವರು, ಮೇಲೆ ನಾವು ಗಂಡ ಹೆಂಡತಿ. ನಮ್ಮ ಮನೆಗೆ ಯಾರು ಬಂದರು, ಯಾಕೆ ಬಂದರು, ಕಸದಲ್ಲಿ ಮೊಟ್ಟೆ ಸಿಪ್ಪೆ ಇತ್ತೇ, ಎಲ್ಲ ಬೇಕು ಅವರಿಗೆ. ಮಾಂಸ ಮೊಟ್ಟೆ ತಿನ್ನುವವರಿಗೂ ಕುಡಿಯುವವರಿಗೂ ಮನೆ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ನಾನು ದಿನಾ ಗುಬ್ಬಿಯ ಆಫೀಸಿಗೆ ಓಡಾಡುವವನು, ಬಸ್ ಸ್ಟ್ಯಾಂಡ್ ಹತ್ತಿರವಿತ್ತು. ಆಯ್ತು ಎಂದು ತಲೆಯಾಡಿಸಿದ್ದೆ.

ಆ ಕಾಲಕ್ಕೆ ನನಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿದಿತ್ತು. ಯೂಟ್ಯೂಬ್ ನೋಡಿ ಕಲಿತದ್ದು. ಮೊಳಕೆ ಬಂದ ಬಾರ್ಲಿಯ ರಸ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಬಕೆಟ್ಟಿನಲ್ಲಿ ಮುಚ್ಚಿಟ್ಟರೆ ಮಿಕ್ಕಿದ್ದೆಲ್ಲ ಟೆಂಪರೇಚರಿನ ಆಟ. ಬಿಸಿ ಏರಿಳಿದರೆ ರುಚಿ ಕೆಟ್ಟಿತು ಅಂತಲೇ. ವಾಸನೆ ತಡೆಯಲಾರದೆ ಹೆಂಡತಿ ಬಕೆಟ್ಟನ್ನು ಹೊರಗೆ ಹಾಕಿಸಿದಳು. ತಾರಸಿ ಮೆಟ್ಟಿಲಿನ ಅಡಿಯ ತಣ್ಣನೆ ಮೂಲೆಯಲ್ಲಿಟ್ಟು, ಒದ್ದೆ ಗೋಣಿಚೀಲ ಸುತ್ತಿ, ದಿನದ ಅತಿ ಹೆಚ್ಚು ಅತಿ ಕಡಿಮೆ ಬಿಸಿ ತೋರಿಸುವ ಥರ್ಮಾಮೀಟರ್ ಅಂಟಿಸಿದೆ.

ಅದೇನಪ್ಪ ಅದು ಎಂದು ಓನರ್ ಕೇಳದೆ ಬಿಡುತ್ತಾರೆಯೇ? ಹೂಕುಂಡಗಳಿಗೆ ಜೀವಾಮೃತ ಎಂದೆ. ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿ ಬರಿಸುವ ಗೊಬ್ಬರದ ನೀರು. ಅದಕ್ಕೂ ಗೋಣಿಚೀಲವನ್ನೇ ಹೊದಿಸುತ್ತಾರೆ. ಹೌದಾ, ಒಳ್ಳೇದು ಎಂದು ಕೆಳಗಿಳಿದರು. ನನ್ನ ಬುದ್ಧಿಗೆ ನಾನೇ ಬೀಗಿದೆ.

ಬಿಯರ್ ಮಾತ್ರ ಪ್ರತಿ ಸಲವೂ ಹುಳಿ. ಹಗಲು ಯಾವಾಗಲೋ ಬಿಸಿ ಏರಿತ್ತು ಎಂದು ಥರ್ಮಾಮೀಟರ್ ತೋರಿಸುತ್ತಿತ್ತು. ಇನ್ನೊಂದು ಚೀಲ ಸುತ್ತಿದೆ. ಬಾಟಲಿಗಳಲ್ಲಿ ಐಸ್ ಕಟ್ಟಿ ಸುತ್ತ ಇಟ್ಟೆ. ತುಮಕೂರಿನ ಬಿಸಿಲಿಗೆ ಹಿಡಿಶಾಪ ಹಾಕಿದೆ. ಆಫೀಸಿನಲ್ಲಿ ಎಲ್ಲರಿಗೂ ಕುಡಿಸುತ್ತೇನೆಂದು ಜಂಬ ಕೊಚ್ಚಿದ್ದೆನಲ್ಲ, ಅವರು ನನ್ನನ್ನು ವಿನೆಗರ್ ಸಾಹೇಬ ಎಂದು ಕರೆಯತೊಡಗಿದರು. ಅವಮಾನದಿಂದ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜ್ವರ ಬಂದಂತಾಗಿ ಬೇಗ ಮನೆಗೆ ಬಂದೆ. ಹೆಂಡತಿ ಶಾಲೆಗೆ ಪಾಠ ಮಾಡಲು ಹೋಗಿದ್ದಳು. ಮೆಟ್ಟಿಲ ಕೆಳಗೆ ಓನರ್ ಕೂತಿದ್ದರು. ಗೋಣಿಚೀಲ ಆಚೆ ಬಿಸಿಲಿನಲ್ಲಿ ಬಿದ್ದಿತ್ತು, ಮುಚ್ಚಳ ತೆಗೆದಿತ್ತು. ಒಂದು ಕೈಯಲ್ಲಿ ಕೋಲು ಹಿಡಿದು ಬಕೆಟ್ಟು ಕಲಕುತ್ತಾ, ಇನ್ನೊಂದು ಕೈಯಲ್ಲಿ ವಿಭೂತಿ ಗಟ್ಟಿ ಪುಡಿ ಮಾಡಿ ಒಳಗೆ ಉದುರಿಸುತ್ತಿದ್ದರು. ತಳದ ಬಿಳಿ ಗಸಿ ಪೂರಾ ಯೀಸ್ಟ್ ಅಂದುಕೊಂಡಿದ್ದೆ ನಾನು...

ನನ್ನನ್ನು ಕಂಡು ಬೆಚ್ಚಲೂ ಇಲ್ಲ.

"ಸಗಣಿ ಗಂಜ್ಲ ಇಲ್ದಿರೋ ಜೀವಾಮೃತ ಎಲ್ಲಾರ ಐತೇನಪ್ಪ? ಮೊದಲ್ನೇ ದಿನಾನೇ ಮೂಗಿಗೆ ಬಡೀತು" ಎಂದರು.

ಗೊತ್ತಿದ್ದ ಮೇಲೆ ಮನೆ ಖಾಲಿ ಮಾಡಿಸಬೇಕಿತ್ತು, ಕಳ್ಳನ ಹಾಗೆ ಇದೇನು ಕೆಲಸ ಎಂದೆ.

"ಓಡ್ಸೋದೇನ್ ಮಹಾ. ಇನ್ನೊಬ್ರ ಮನೇಲಿ ಕೂತ್ಕೊಂಡು ಕುಡೀತೀಯ. ಇಲ್ಲಿದ್ರೆ ನಾನ್ ದಿನಾ ಕೆಡಿಸ್ತೀನಿ, ಬುಡು."

ಚೀಲಕ್ಕೆ ನೀರು ಚಿಮುಕಿಸಿ, ಮೊದಲಿನ ಹಾಗೇ ಹೊದಿಸಿ ಎದ್ದು ಹೋದರು. ನನಗೆ ಬಂದ ಸಿಟ್ಟಿಗೆ ಮಿತಿಯಿರಲಿಲ್ಲ. ಬೇರೆ ಮನೆ ಹುಡುಕಿ ಹೊರಟೇಬಿಟ್ಟೆ. ಹೋಗುವ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ತೀರಿಕೊಂಡರೆಂದು ಸುದ್ದಿ ಬಂದಾಗ ಮಣ್ಣಿಗೂ ಹೋಗಲಿಲ್ಲ.

ಈಗ ಕುಣಿಗಲ್ ರಸ್ತೆಯಲ್ಲಿ ಸ್ವಂತ ಮನೆ. ಬಕೆಟ್ಟಿಗೆಂದೇ ಒಂದು ಫ್ರಿಜ್ ಇದೆ, ಟೆಂಪರೇಚರ್ ಅಲ್ಲಾಡುವುದಿಲ್ಲ. ಬಿಯರ್ ಒಮ್ಮೆಯೂ ಕೆಟ್ಟಿಲ್ಲ. ಆಫೀಸಿನವರು ಬಂದು ಹೊಗಳಿ ಕುಡಿದು ಹೋಗುತ್ತಾರೆ. ಅವರು ಹೋದ ಮೇಲೂ ನಾನು ಕೂತಿರುತ್ತೇನೆ. ಎಷ್ಟನೇ ಲೋಟ ಎಂದು ಕೇಳುವುದನ್ನು ಹೆಂಡತಿ ಬಿಟ್ಟು ಬಹಳ ದಿನವಾಯಿತು.

ಮೊನ್ನೆ ಸಂತೆಯಿಂದ ಬಂದವನೇ ಬಕೆಟ್ಟಿನ ಮುಚ್ಚಳ ತೆಗೆದೆ. ಅಂಗಿಯ ತೋಳು ಮಡಚಿ ಒಳಗೆ ಕೈಹಾಕಿ, ತಳದ ಬಿಳಿ ಗಸಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ.

ಯೀಸ್ಟು, ಅಷ್ಟೇ. ಹಾಳು ಮುದುಕ, ನಿಜವಾಗಿಯೂ ಸತ್ತುಹೋಗಿದ್ದಾನೆ.